ನಲವತ್ತು ಹುಣಸೆ ಬೀಜ

ಧರ್ಮಣ್ಣನ ತಲೆಯನ್ನು ಹದಿನೆಂಟು ವರ್ಷ ಬಾಚಿದವಳು ಬಸಲಿಂಗವ್ವ. ಅವನ ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು, ಮೇಲೇಳುತ್ತಿರಲಿಲ್ಲ. ಎಡಗೈಯಲ್ಲಿ ಬಾಚಿಕೊಂಡರೆ ಬೈತಲೆ ಸೊಟ್ಟ. ಹಗ್ಗದ ಮೇಲೆ ಅಂಗಿ ಒಣಹಾಕುವುದು, ಗೂಟದಿಂದ ಚೀಲ ಇಳಿಸುವುದು ಅವಳದೇ ಕೆಲಸ. ಮುಂಬೈಯ ಲೋಕಲ್ ರೈಲಿನಲ್ಲಿ ಎಲ್ಲರೂ ಮೇಲಿನ ಹಿಡಿ ಹಿಡಿದು ಜೋತಾಡಿದರೆ ಅವನು ಬಾಗಿಲ ಪಕ್ಕದ ತಗಡಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ.

ಮದುವೆಗೆ ಮುಂಚೆ ಇದನ್ನು ಯಾರೂ ಹೇಳಿರಲಿಲ್ಲ. ಹುಡುಗ ಮುಂಬೈದಾಗ ಇದ್ದಾನ, ಸಾಲ್ಯಾಗ ನೌಕರಿ ಅಂದಿದ್ದರು. ಅಷ್ಟೇ. ಕುರ್ಲಾದ ಚಾಳಿನ ಒಂದೇ ಕೋಣೆಯ ಮನೆಗೆ ಬಂದ ಮೊದಲ ವಾರ, ಅವನು ಅಂಗಿ ತೊಡಲು ಒದ್ದಾಡುವುದನ್ನು ಕಂಡು ಅವಳೇ ಕೇಳಿದಳು.

"ಕೈಗೆ ಏನಾಗೇತಿ?"

"ಚೆಂಡ ಒಗದು ಒಗದು ಹೋತು."

"ಚೆಂಡ ಒಗದ್ರ ಕೈ ಹೋಗತೈತೇನು? ನಾ ತವರಾಗ ದಿನಾ ನೂರು ರೊಟ್ಟಿ ಬಡೀತಿದ್ನಿ. ನಂದ್ಯಾಕ ಹೋಗಿಲ್ಲ?"

"ನಿನಗ ಯಾರೂ 'ಇನ್ನ ಹತ್ತ' ಅಂದಿಲ್ಲಲ್ಲ, ಅದಕ್ಕ," ಅಂದು ಧರ್ಮಣ್ಣ ನಕ್ಕ.

ನಗುವ ಮಾತಾಗಿರಲಿಲ್ಲ ಅದು. ಹದಿನೇಳನೇ ವಯಸ್ಸಿಗೆ ಇಂಡಿ ಕಡೆಯಿಂದ ಬಂದು ವಿಕ್ರೋಳಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಗೋದಾಮಿನ ಹಿಂದೆ ಒಂದು ಮೈದಾನ, ಅದರಂಚಿಗೆ ಹುಣಸೆ ಮರ. ಮಧ್ಯಾಹ್ನ ರೊಟ್ಟಿ ತಿಂದಮೇಲೆ ಕಲ್ಲು ಬೀಸಿ ಹುಣಸೆಕಾಯಿ ಬೀಳಿಸುತ್ತಿದ್ದ. ಊರಲ್ಲಿ ಜೋಳದ ಹೊಲದಲ್ಲಿ ಹಕ್ಕಿ ಹೊಡೆದು ಬೆಳೆದ ಕೈ. ಎಲೆಗೆ ತಾಗದ ಹಾಗೆ ಕಾಯಿಗಷ್ಟೇ ಹೊಡೆಯುತ್ತಿದ್ದ. ಮೈದಾನದಲ್ಲಿ ಬೇಸ್‌ಬಾಲ್ ಆಡಿಸುತ್ತಿದ್ದ ಒಬ್ಬ ಕ್ಲಬ್ಬಿನವನು ಅದನ್ನು ನೋಡಿದ. "ಏ ಇಮ್ಲಿ, ಇಧರ್ ಆ" ಎಂದು ಕರೆದ. ಅಂದಿನಿಂದ ಅವನ ಹೆಸರು ಅಲ್ಲಿ ಇಮ್ಲಿ, ಅಂದರೆ ಹುಣಸೆ.

ಬೇಸ್‌ಬಾಲ್ ಎಂದರೆ ಧರ್ಮಣ್ಣನಿಗೆ ತಿಳಿದದ್ದು ಇಷ್ಟೇ. ಒಬ್ಬ ಒಗೆಯುತ್ತಾನೆ, ಒಬ್ಬ ಕೋಲಿನಿಂದ ಹೊಡೆಯಲು ನೋಡುತ್ತಾನೆ, ಅವನ ಹಿಂದೆ ಒಬ್ಬ ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು ಕೂತು ಹಿಡಿಯುತ್ತಾನೆ. ಒಗೆಯುವವನೇ ಮುಖ್ಯ. ರಾಜ್ಯದ ತಂಡಕ್ಕೆ ಸೇರಿದರೆ ರೈಲ್ವೆಯಲ್ಲಿ ನೌಕರಿ ಎಂದು ಕ್ಲಬ್ಬಿನವನು ಹೇಳಿದ. ಮೂರು ತಿಂಗಳು ಧರ್ಮಣ್ಣ ಮೂಟೆಯನ್ನೂ ಹೊತ್ತ, ಚೆಂಡನ್ನೂ ಒಗೆದ. ಆ ಮನುಷ್ಯ ಬಾಯಿಲೆಕ್ಕ ಹಾಕುತ್ತಿದ್ದ. ಮೂವತ್ತೆಂಟು, ಮೂವತ್ತೊಂಬತ್ತು ಎಂದವನು ನಲವತ್ತು ಎನ್ನದೆ ಮತ್ತೆ ಮೂವತ್ತು, ಮೂವತ್ತೊಂದು ಎಂದು ಶುರು ಮಾಡುತ್ತಿದ್ದ. ಧರ್ಮಣ್ಣನಿಗೆ ಗೊತ್ತಾಗುತ್ತಿತ್ತು, ಹೇಳುವ ಧೈರ್ಯವಿರಲಿಲ್ಲ. ಕೊನೆಗೆ "ಬಸ್ ಇಮ್ಲಿ, ಔರ್ ದಸ್". ಇನ್ನು ಹತ್ತೇ ಹತ್ತು. ಒಂದು ಸಂಜೆ ಆ ಹತ್ತರಲ್ಲಿ ಭುಜದೊಳಗೆ ಏನೋ ಲಟಕ್ಕೆಂದಿತು. ಚೆಂಡು ಕೈಯಿಂದ ಜಾರಿ ಕಾಲ ಹತ್ತಿರವೇ ಬಿತ್ತು.

ಕ್ಲಬ್ಬಿನವನು ಅರ್ಧ ಖಾಲಿಯಾದ ನೋವಿನ ಮುಲಾಮಿನ ಟ್ಯೂಬು ಕೊಟ್ಟ. ಮರುವಾರ ಮತ್ತೊಬ್ಬ ಹುಡುಗನನ್ನು ತಂದ.

ಆ ಟ್ಯೂಬು ಧರ್ಮಣ್ಣನ ಟ್ರಂಕಿನಲ್ಲಿತ್ತು, ಒಣಗಿ ಕಲ್ಲಾಗಿ. ಮದುವೆಯಾಗಿ ಬಂದ ಬಸಲಿಂಗವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಒಯ್ಯುವಂತೆ ಒಯ್ದು, ಚಾಳಿನ ಹಿಂದಿನ ಗಟಾರಕ್ಕೆ ಹಾಕಿ ಕೈ ತೊಳೆದುಕೊಂಡಳು.

ಕೈ ಹೋದ ಮೇಲೆ, ಮೂಟೆ ಹೊರಲಾರದವನನ್ನು ಗೋದಾಮಿನವರು ಕೆಲಸದಿಂದ ಬಿಡಿಸಿದ್ದರು. ವಿಕ್ರೋಳಿಯಲ್ಲೇ ಒಂದು ಶಾಲೆಯ ಮೈದಾನ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನೀರು ಹೊಡೆಯುವುದು, ಸುಣ್ಣದ ಗೆರೆ ಎಳೆಯುವುದು, ಚೆಂಡು ಎಣಿಸಿ ಚೀಲಕ್ಕೆ ತುಂಬುವುದು. ಎಲ್ಲವೂ ಸೊಂಟದಿಂದ ಕೆಳಗಿನ ಕೆಲಸ. ಇಪ್ಪತ್ತೆರಡು ವರ್ಷ ಮಾಡಿದ. ಅವನು ಎಳೆದ ಗೆರೆ ಹಗ್ಗ ಹಿಡಿದಷ್ಟು ನೆಟ್ಟಗಿರುತ್ತಿತ್ತು.

ಮಗಳು ಯಕ್ಷಿತಾ ಅದೇ ಶಾಲೆಗೆ ಸೇರಿದಳು. ಸಂಜೆ ಅಪ್ಪನಿಗಾಗಿ ಕಾಯುತ್ತ, ಆಚೆ ಬಿದ್ದ ಚೆಂಡುಗಳನ್ನು ಚೀಲದ ಕಡೆ ಒಗೆಯುತ್ತಿದ್ದಳು. ಆರನೇ ಕ್ಲಾಸಿನಲ್ಲಿ ಒಂದು ದಿನ ಧರ್ಮಣ್ಣ ಅವಳು ಒಗೆದದ್ದನ್ನು ನೋಡಿದ. ಮನೆಗೆ ಬಂದು ಊಟ ಮಾಡದೆ ಕೂತ.

"ಏನಾತು?" ಬಸಲಿಂಗವ್ವ ಕೇಳಿದಳು.

"ನನ್ನ ಕೈ ಆಕಿಗೆ ಬಂದೈತಿ," ಅಂದ. ಸತ್ತವರ ಸುದ್ದಿ ಹೇಳುವವನ ದನಿಯಲ್ಲಿ.

ಒಂದು ವರ್ಷ ಅವನು ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರು ಬರುತ್ತಾರೆಂದು ಅವನಿಗೆ ಗೊತ್ತಿತ್ತು. ತಾನೇ ಕಲಿಸಿದ. ಒಗೆದು ತೋರಿಸಲು ಬಾರದು, ಬಾಯಲ್ಲೇ ಹೇಳಬೇಕು. ಗೋದಾಮಿನ ಹಿಂದಿನ ಅದೇ ಹುಣಸೆ ಮರದ ಬೀಜ ತಂದು ಹುರಿದು, ನಲವತ್ತು ಎಣಿಸಿ ಎಡಜೇಬಿಗೆ ಹಾಕಿಕೊಳ್ಳುತ್ತಿದ್ದ. ಮಗಳು ಒಂದು ಒಗೆದರೆ ಒಂದು ಬೀಜ ಬಲಜೇಬಿಗೆ. ಎಡಜೇಬು ಖಾಲಿಯಾದರೆ ಮುಗಿಯಿತು. ಯಕ್ಷಿತಾ ಕಾಲು ಹಿಡಿದರೂ ನಲವತ್ತೊಂದನೆಯದಿಲ್ಲ.

"ಬಾಯಿಲೆಕ್ಕ ಸುಳ್ಳು ಹೇಳತೈತಿ ತಂಗಿ. ಬೀಜ ಹೇಳೂದಿಲ್ಲ," ಅನ್ನುತ್ತಿದ್ದ ಮಗಳಿಗೆ.

ಹೆಂಡತಿಗೂ ಒಂದು ಗುರುತು ಹೇಳಿಕೊಟ್ಟಿದ್ದ. "ನೀ ಕಣ್ಣ ಮುಚ್ಚಿದ್ರೂ ತಿಳೀತೈತಿ. ಚಲೋ ಚೆಂಡು ಗ್ಲೌಸಿಗೆ ಬಿದ್ರ, ನೀ ಕಟಗಿ ಕೊಣಮಗಿಯೊಳಗ ರೊಟ್ಟಿ ಬಡದಂಗ ಸಪ್ಪಳ ಬರತೈತಿ. ಕೈ ದಣೀತಂದ್ರ ಸಪ್ಪಳ ಹಿಟ್ಟ ಕಲಸಿದಂಗ ಆಗತೈತಿ."

ಕಳೆದ ಜುಲೈಯಲ್ಲಿ ಧರ್ಮಣ್ಣ ಹೋದ. ಮೈದಾನದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಟ್ರಸ್ಟಿ ಬರುತ್ತಾರೆ, ಗಟಾರ ಬಿಡಿಸು ಎಂದು ರವಿವಾರ ಕರೆಸಿದರು. ಕಾಲಲ್ಲಿ ಗಾಯವಿತ್ತು. ಇಲಿಜ್ವರ. ಒಂಬತ್ತು ದಿನ. ಶಾಲೆಯಿಂದ ಹೂವಿನ ಚಕ್ರ ಬಂತು. ಅದರ ರಿಬ್ಬನ್ನಿನ ಮೇಲೆ ಶಾಲೆಯ ಹೆಸರು ದೊಡ್ಡದು, ಅವನ ಹೆಸರು ಸಣ್ಣದು, ಅದೂ ತಪ್ಪು. ಧರ್ಮೇಶ್ ಎಂದಿತ್ತು. ಬಸಲಿಂಗವ್ವ ಹೂವು ಕಿತ್ತು ಬಳಸಿದಳು, ರಿಬ್ಬನ್ನನ್ನು ಒಲೆಗೆ ಹಾಕಿದಳು. ಅವನ ಎಡಜೇಬಿನಲ್ಲಿದ್ದ ಬೀಜಗಳನ್ನು ಎಣಿಸಿದಳು. ನಲವತ್ತೂ ಇದ್ದವು. ಸೆರಗಿನ ಚುಂಗಿಗೆ ಕಟ್ಟಿಕೊಂಡಳು.

ಜನವರಿಯಲ್ಲಿ ಶಾಲೆಯ ಪಿ.ಟಿ. ಕಲಿಸುವ ವಂದನಾ ಟೀಚರ್ ಫೋನ್ ಮಾಡಿದಳು. ಪುಣೆ ಕಡೆಯ ಒಂದು ಅಕಾಡೆಮಿಯಿಂದ ದಳವಿ ಸರ್ ಬರುತ್ತಾರೆ, ಹುಡುಗಿಯರ ಬೇಸ್‌ಬಾಲ್ ತಂಡಕ್ಕೆ ಒಗೆಯುವ ಕೈ ಹುಡುಕುತ್ತಿದ್ದಾರೆ, ಆರಿಸಿದರೆ ಹಾಸ್ಟೆಲ್, ಊಟ, ಕಾಲೇಜಿನವರೆಗೂ ಓದು ಎಲ್ಲ ಅವರದೇ. ಶನಿವಾರ ಹತ್ತು ಗಂಟೆಗೆ ತಾಯಿಯೂ ಬರಬೇಕು.

ಬಸಲಿಂಗವ್ವ ಓದಿದ್ದು ಮೂರನೇ ಇಯತ್ತೆ. ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಮನೆ ನಡೆಸುತ್ತಿದ್ದಳು. ಕಾಲೇಜಿನವರೆಗೆ ಎಂಬ ಮಾತು ಕಿವಿಯಲ್ಲಿ ಉಳಿಯಿತು.

"ಧರ್ಮಣ್ಣಭಾಯಿ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು," ಎಂದಳು ಪಕ್ಕದ ಖೋಲಿಯ ಕೌಸರ.

"ಖುಷಿ ಪಡತಿದ್ದಿಲ್ಲ. ಹೆದರತಿದ್ದ," ಅಂದಳು ಬಸಲಿಂಗವ್ವ.

ಶನಿವಾರ ಬೆಳಿಗ್ಗೆ ಅವಳು ಒಂದು ತಪ್ಪು ಮಾಡಿದಳು. ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ, ಮಗಳ ಬಲಗೈಗೆ ಭುಜದಿಂದ ಬೆರಳ ತುದಿಯವರೆಗೆ ತಿಕ್ಕಿದಳು. ಹದಿನೆಂಟು ವರ್ಷ ಗಂಡನ ಕೈಗೆ ಹೀಗೆಯೇ ತಿಕ್ಕಿದ್ದಳು. ಅವಳಿಗೆ ಗೊತ್ತಿದ್ದದ್ದು ಹಾಳಾದ ಕೈಯ ಆರೈಕೆ ಮಾತ್ರ. ಒಗೆಯುವ ದಿನ ಬೆರಳಿಗೆ ಎಣ್ಣೆ ಸೋಕಬಾರದೆಂದು ಧರ್ಮಣ್ಣ ಅವಳಿಗೆ ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ.

"ಅವ್ವಾ, ಸ್ಮೆಲ್ ಬರತೈತಿ. ಟ್ರೇನ್‌ನಾಗ ಸಬ್ ದೇಖೇಂಗೆ," ಎಂದಳು ಯಕ್ಷಿತಾ.

"ನೋಡ್ಲಿ. ಕೈ ಬೆಚ್ಚಗಿರತೈತಿ."

ಯಕ್ಷಿತಾ ಸಾಬೂನಿನಿಂದ ಒಮ್ಮೆ ತೊಳೆದಳು. ಕುಸುಬಿ ಎಣ್ಣೆ ಒಂದು ಸಾಬೂನಿಗೆ ಬಗ್ಗುವುದಲ್ಲ.

ಮೈದಾನದಲ್ಲಿ ಪೆಂಡಾಲು ಹಾಕಿದ್ದರು, ಮೇಜಿನ ಮೇಲೆ ಸಮೋಸಾ. ದಳವಿ ಎಂಬವನು ನಲವತ್ತೈದರವನು, ಬಿಳಿ ಬೂಟು, ಕೊರಳಲ್ಲಿ ಸೀಟಿ. ಕೈಯಲ್ಲಿ ಕೂದಲು ಒಣಗಿಸುವ ಮಷೀನಿನಂಥದ್ದು, ಅದು ಚೆಂಡಿನ ವೇಗ ತೋರಿಸುವ ಸ್ಪೀಡ್ ಗನ್. ಹುಡುಗಿಯರ ಬೆನ್ನಿಗೆ ನಂಬರಿನ ಕಾಗದ ಚುಚ್ಚಿದ್ದರು. ಯಕ್ಷಿತಾಳದು ಏಳು.

ದಳವಿ ಸಮೋಸಾದ ಚಟ್ನಿ ನೆಕ್ಕಿದ ಬೆರಳಿನಿಂದಲೇ ಯಕ್ಷಿತಾಳ ತೋಳು ಹಿಡಿದ. ಒತ್ತಿದ. ಮೊಣಕೈ ಮಡಿಸಿ ಬಿಡಿಸಿದ. ಭುಜದ ಕೆಳಗೆ ಬೆರಳು ತೂರಿಸಿ ನೋಡಿದ. ಅಂಗೈಗೆ ಅಂಗೈ ಇಟ್ಟು ಬೆರಳಿನ ಉದ್ದ ಅಳೆದ. ಆಮೇಲೆ ಜೇಬಿನಿಂದ ಸಣ್ಣ ಬಾಟಲಿ ತೆಗೆದು, ಹುಡುಗಿಯ ಮುಂದೆಯೇ ತನ್ನ ಕೈಗೆ ಸ್ಯಾನಿಟೈಸರ್ ತಿಕ್ಕಿಕೊಂಡ. ಆಲಮೇಲದ ದನದ ಸಂತೆಯಲ್ಲಿ ಬಸಲಿಂಗವ್ವನ ಅಪ್ಪ ಹೋರಿಯ ಹಲ್ಲು ನೋಡುತ್ತಿದ್ದ. ಆದರೆ ಮುಗಿದ ಮೇಲೆ ಅದರ ಬೆನ್ನು ಚಪ್ಪರಿಸುತ್ತಿದ್ದ, ಕೈ ಒರೆಸಿಕೊಳ್ಳುತ್ತಿರಲಿಲ್ಲ.

"ಮದರ್ ಕೌನ್ ಹೈ? ಖಡೇ ಹೋ ಜಾವ್," ಎಂದ ದಳವಿ.

ಬಸಲಿಂಗವ್ವ ಎದ್ದು ನಿಂತಳು. ಅವನು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ ಟೀಚರಿಗೆ ಹೇಳಿದ, ತಾಯಿ ಗಿಡ್ಡ, ಹುಡುಗಿ ಇನ್ನೆರಡು ಇಂಚು ಬೆಳೆದರೆ ಹೆಚ್ಚು. ಅಪ್ಪನ ಎತ್ತರ ಎಷ್ಟು?

"ಸತ್ತವರನ್ನ ಮಲಗಿಸಿ ಅಳೀತಾರ. ನಾವು ಅಳದಿಲ್ಲ," ಅಂದಳು ಬಸಲಿಂಗವ್ವ ಕನ್ನಡದಲ್ಲೇ. ಅವನಿಗೆ ತಿಳಿಯಲಿಲ್ಲ. ಟೀಚರಿಗೆ ದನಿಯಷ್ಟೇ ತಿಳಿಯಿತು, ಮುಖ ಕೆಳಗೆ ಮಾಡಿದಳು.

ಆಮೇಲೆ ಅವನು ಹುಟ್ಟಿದ ತಾರೀಖು ಕೇಳಿದ. ಹದಿನೈದು ದಾಟಿ ನಾಲ್ಕು ತಿಂಗಳು. ಅವನು ನಾಲಿಗೆ ಲೊಚಗುಟ್ಟಿದ. ಒಂದು ವರ್ಷ ಕಡಿಮೆ ಇದ್ದರೆ ಚಿಕ್ಕವರ ತಂಡದಲ್ಲೂ ಆಡಿಸಬಹುದಿತ್ತು. ಕಾಗದ ಬದಲಾಗುವುದಿಲ್ಲವೇ?

"ಹೋ ಜಾಯೇಗಾ ಸರ್," ಎಂದು ವಂದನಾ ಟೀಚರ್ ನಕ್ಕಳು.

ಬಸಲಿಂಗವ್ವನಿಗೆ ಮಗಳು ಹುಟ್ಟಿದ ದಿನ ನೆನಪಾಯಿತು. ಸಾಯನ್ನಿನ ದವಾಖಾನೆಯ ಹೊರಗೆ ಧರ್ಮಣ್ಣ ಎಡಗೈಯಲ್ಲಿ ಕೂಸನ್ನು ಎತ್ತಿಕೊಂಡಿದ್ದ. ಬಲಗೈಯಲ್ಲಿ ಎತ್ತಲು ಹೆದರಿದ್ದ. ಆ ದಿನವನ್ನು ಇವರು ಸಮೋಸಾ ತಿನ್ನುತ್ತ ಅಳಿಸುತ್ತಾರಂತೆ. ಅವಳು ಉಗುಳು ನುಂಗಿದಳು. ಕಾಲೇಜಿನವರೆಗೆ, ಎಂದು ತನಗೇ ಹೇಳಿಕೊಂಡಳು.

ಯಕ್ಷಿತಾ ಎಡಗೈಗೆ ಗ್ಲೌಸ್ ಹಾಕಿಕೊಂಡು ಒಗೆಯುವ ಜಾಗಕ್ಕೆ ಹೋದಳು. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಗ್ಲೌಸ್ ಹಾಕಿ ಎದುರಿಗೆ ಕೂತಳು. ಬಸಲಿಂಗವ್ವ ಗೆರೆಯ ಆಚೆ ಕೂತು ಸೆರಗಿನ ಗಂಟು ಬಿಚ್ಚಿ ಬೀಜಗಳನ್ನು ಎಡಗೈಗೆ ತೆಗೆದುಕೊಂಡಳು, ಒಂದು ಒಗೆದರೆ ಒಂದು ಬೀಜ ಬಲಗೈಗೆ.

ಮೊದಲನೆಯದು ನೆಲಕ್ಕೆ ಬಡಿಯಿತು. ಎರಡನೆಯದು ಹಿಡಿಯುವವಳ ತಲೆಯ ಮೇಲೆ ಹೋಯಿತು. ಐದನೆಯದು ಬಲೆ ದಾಟಿ, ಮೈದಾನಕ್ಕೆ ದುಡ್ಡು ಕೊಟ್ಟ ಟ್ರಸ್ಟಿಯ ಹೆಸರಿನ ಫಲಕಕ್ಕೆ ಬಡಿದು ಟಣ್ ಎಂದಿತು. ಬಸಲಿಂಗವ್ವನಿಗೆ ಅದೊಂದು ಸಪ್ಪಳ ಮಾತ್ರ ಹಿತವಾಯಿತು.

"ಕ್ಯಾ ಹೈ ಯೇ? ನಾರಿಯಲ್ ತೋಡ್ ರಹೀ ಹೈ ಕ್ಯಾ?" ತೆಂಗಿನಕಾಯಿ ಕೆಡವುತ್ತಿದ್ದಾಳೇನು ಎಂದು ದಳವಿ ನಕ್ಕ. ಟೀಚರೂ ನಕ್ಕಳು.

ಒಂಬತ್ತನೆಯದೂ ಹಾಗೇ ಹೋದಮೇಲೆ ಯಕ್ಷಿತಾ ನಿಂತಳು. ಅಂಗೈ ನೋಡಿಕೊಂಡಳು. ಮೂಸಿದಳು. ತಾಯಿಯ ಕಡೆ ತಿರುಗಿದಳು.

ಬಸಲಿಂಗವ್ವನಿಗೆ ತಿಳಿಯಿತು. ತನ್ನ ಮೇಲೆಯೇ ಹೇಸಿಕೆ ಬಂತು. ಚೀಲದಲ್ಲಿ ಮಧ್ಯಾಹ್ನದ ರೊಟ್ಟಿ ಕಟ್ಟಿದ ಬಟ್ಟೆಯಿತ್ತು, ಅದರ ಮಡಿಕೆಯ ತುಂಬ ಜೋಳದ ಒಣಹಿಟ್ಟು. ಎಣ್ಣೆಗೈಗೆ ಒಣಹಿಟ್ಟಿನಂಥ ಮದ್ದಿಲ್ಲ, ರೊಟ್ಟಿ ಬಡಿಯುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೀಜಗಳನ್ನು ಎರಡು ಗುಂಪಾಗಿ ನೆಲಕ್ಕಿಟ್ಟು, ರೊಟ್ಟಿ ಸೆರಗಿಗೆ ಸುರಿದುಕೊಂಡು ಓಡಿದಳು. ಮಗಳ ಕೈಯನ್ನು ಬೆರಳು ಬೆರಳಾಗಿ ಆ ಬಟ್ಟೆಯಲ್ಲಿ ಉಜ್ಜಿದಳು.

"ಏ ಮಾಜೀ, ಬಾಹರ್, ಬಾಹರ್!" ದಳವಿ ಕೂಗಿದ.

ಹೊರಗೆ ಬಂದು, ಬೀಜಗಳನ್ನು ಮತ್ತೆ ಎರಡೂ ಕೈಗೆ ತೆಗೆದುಕೊಂಡು ಕೂತಳು. ಹತ್ತನೆಯದು. ಅವಳು ಕಣ್ಣು ಮುಚ್ಚಿಕೊಂಡಳು.

ಧಪ್.

ಕೊಣಮಗಿಯಲ್ಲಿ ರೊಟ್ಟಿ ಬಡಿದ ಸಪ್ಪಳ. ಹನ್ನೊಂದು, ಧಪ್. ಹನ್ನೆರಡು, ಧಪ್. ಒಂದೊಂದೇ ಬೀಜ ಬಲಗೈ ಮುಷ್ಟಿಗೆ ಹೋಗುತ್ತಿತ್ತು. ದಳವಿಯ ನಗು ನಿಂತಿತ್ತು. ಅವನು ಸ್ಪೀಡ್ ಗನ್ ನೋಡಿ ನಂಬರು ಹೇಳತೊಡಗಿದ. ಗಂಟೆಗೆ ಎಂಬತ್ತೆಂಟು ಕಿಲೋಮೀಟರು. ತೊಂಬತ್ತೆರಡು. ತೊಂಬತ್ತೈದು. ಅವನ ದನಿ ಏರುತ್ತ ಹೋಯಿತು. ಮಿಠಾಯಿ ಕಂಡ ನೊಣದ ದನಿ. "ಸೌ ಚಾಹಿಯೇ! ಸೌ ಲಾಯೀ ತೋ ಆಜ್ ಹೀ ಸೈನ್!" ನೂರು ತಂದರೆ ಇವತ್ತೇ ಸಹಿಯಂತೆ.

ಮೂವತ್ತೈದರ ಸುಮಾರಿಗೆ ಸಪ್ಪಳ ಬದಲಾಯಿತು. ಮೆತ್ತಗಾಯಿತು. ಹಿಟ್ಟು ಕಲಸಿದ ಹಾಗೆ. ಬಸಲಿಂಗವ್ವ ಕಣ್ಣು ಬಿಟ್ಟಳು. ಮಗಳ ಮೊಣಕೈ ಕೆಳಗಿಳಿದಿತ್ತು. ನಂಬರು ಮಾತ್ರ ಏರುತ್ತಿತ್ತು, ಹುಡುಗಿ ಹಲ್ಲು ಕಚ್ಚಿ ಮೈಯೆಲ್ಲ ಹಾಕಿ ಒಗೆಯುತ್ತಿದ್ದಳು. ಮೂವತ್ತೊಂಬತ್ತಕ್ಕೆ ತೊಂಬತ್ತಾರು. ನಲವತ್ತಕ್ಕೆ ತೊಂಬತ್ತೇಳು.

ಎಡಗೈ ಖಾಲಿ.

"ಬಸ್, ಔರ್ ದಸ್," ಎಂದ ದಳವಿ. "ಪೆಹಲೇ ಕೇ ನೌ ಗಿನ್ತೀ ಮೇಂ ನಹೀಂ."

ಮೊದಲಿನ ಒಂಬತ್ತು ಲೆಕ್ಕಕ್ಕಿಲ್ಲ. ಇನ್ನು ಹತ್ತೇ ಹತ್ತು. ಈ ಮಾತನ್ನು ಬಸಲಿಂಗವ್ವ ಇದೇ ಮೊದಲು ಕಿವಿಯಾರೆ ಕೇಳಿದ್ದು. ಆದರೆ ಹದಿನೆಂಟು ವರ್ಷ ಅದರ ಜೊತೆ ಸಂಸಾರ ಮಾಡಿದ್ದಳು. ಅದರ ತಲೆ ಬಾಚಿದ್ದಳು, ಅದಕ್ಕೆ ಅಂಗಿ ತೊಡಿಸಿದ್ದಳು. ಮೂಗಿಗೆ ಆ ಹಳೇ ಮುಲಾಮಿನ ವಾಸನೆ ಬಂದಂತಾಯಿತು.

ಎದ್ದಳು. ಗೆರೆ ದಾಟಿ ನಡೆದಳು. ಹೋಗಿ ಸ್ಪೀಡ್ ಗನ್ನಿಗೂ ಮಗಳಿಗೂ ನಡುವೆ ನಿಂತಳು.

"ಸಾಬ್, ಹೋ ಗಯಾ. ಚಾಲೀಸ್ ಹೋ ಗಯಾ." ನಲವತ್ತು ಆಯಿತು.

"ಅರೇ ಹಟಾವ್ ಇಸ್ಕೋ!" ದಳವಿ ಟೀಚರಿಗೆ ಕೂಗಿದ.

ವಂದನಾ ಟೀಚರ್ ಓಡಿ ಬಂದಳು. "ಮೌಶೀ, ಸಿರ್ಫ್ ತೀನ್ ಪಾಯಿಂಟ್. ಲೈಫ್ ಬನ್ ಜಾಯೇಗಾ ಉಸ್ಕಾ." ಇನ್ನು ಮೂರೇ ಪಾಯಿಂಟು, ಹುಡುಗಿಯ ಬಾಳು ನೇರಾಗುತ್ತದೆ.

ಯಕ್ಷಿತಾಳ ಮುಖ ಕೆಂಪಾಗಿತ್ತು. "ಅವ್ವಾ, ಸರಿ ನೀ! ನಾ ಒಗೀತೇನಿ. ಫಸ್ಟ್ ನೌ ಬಾಲ್ ನಿನ್ನ ಎಣ್ಣಿಯಿಂದ ಹೋದವು. ಮೇರೀ ಗಲತೀ ಥೀ ಕ್ಯಾ?"

"ನಿಂದಲ್ಲ. ನನ್ನ ತಪ್ಪ," ಅಂದಳು ಬಸಲಿಂಗವ್ವ. "ತಪ್ಪ ನಂದು, ಆದ್ರ ಒಗದದ್ದು ನಿನ್ನ ಕೈ. ಕೈಗೆ ಯಾರ ತಪ್ಪು ಅಂತ ತಿಳಿಯೂದಿಲ್ಲ ಯವ್ವಾ. ಅದು ನಲವತ್ತು ಒಗದೈತಿ."

"ಫಿರ್ ಚಾನ್ಸ್ ನಹೀಂ ಆಯೇಗಾ!"

"ಬರಲಿಕ್ಕಿಲ್ಲ."

"ಪಪ್ಪಾ ಇದ್ದಿದ್ರ..." ಅಂದಳು ಯಕ್ಷಿತಾ. ಬಸಲಿಂಗವ್ವ ಮುಷ್ಟಿ ಬಿಚ್ಚಿದ್ದಳು. ಬೆವರಿಗೆ ಬೀಜಗಳು ಅಂಗೈಗೆ ಅಂಟಿಕೊಂಡಿದ್ದವು. ಯಕ್ಷಿತಾ ಅವನ್ನೇ ನೋಡಿದಳು. ಎಣಿಸಬೇಕಿರಲಿಲ್ಲ. ಗ್ಲೌಸ್ ಕಳಚಿ ನೆಲಕ್ಕೆ ಒಗೆದಳು, ಎಡಗೈಯಿಂದ.

"ಟ್ಯಾಲೆಂಟ್ ಹೈ, ಘರ್‌ವಾಲೇ ಜಾಹಿಲ್ ಹೈಂ," ಎಂದ ದಳವಿ, ಕಾಗದದ ಮೇಲೆ ಅಡ್ಡಗೆರೆ ಎಳೆಯುತ್ತ.

ಜಾಹಿಲ್ ಎಂದರೆ ಏನೆಂದು ಕೌಸರಳಿಂದ ಅವಳು ಎಂದೋ ಕಲಿತಿದ್ದಳು. ಓದಿಲ್ಲದವರು. ನಿಜವೇ. ಅವಳು ಅವನ ಮೇಜಿನ ಹತ್ತಿರ ಹೋದಳು.

"ಸಾಬ್, ಲಡಕೀ ಕಾ ನಾಮ್ ಕ್ಯಾ ಹೈ?"

"ಕ್ಯಾ?"

"ಇಷ್ಟೊತ್ತು ಒಗಿಸಿದ್ಯಲ್ಲ. ಹೆಸರೇನು ಆಕೀದು?"

ದಳವಿ ಕಾಗದ ನೋಡಿದ. ಕಾಗದದಲ್ಲಿ ಇದ್ದದ್ದು ನಂಬರು. "ಸೆವೆನ್," ಎಂದ.

ಬಸಲಿಂಗವ್ವ ಅಲ್ಲೇ, ಅವನ ಬಿಳಿ ಬೂಟಿನಿಂದ ಒಂದು ಗೇಣು ದೂರಕ್ಕೆ, ಥೂ ಎಂದು ಉಗಿದಳು. ಮಗಳ ಬೆನ್ನಿನಿಂದ ಕಾಗದ ಕಿತ್ತು ಸಮೋಸಾದ ತಟ್ಟೆಯಲ್ಲಿಟ್ಟು ನಡೆದಳು. ಟೀಚರ್ ಹಿಂದಿನಿಂದ ಏನೋ ಕೂಗುತ್ತಿದ್ದಳು. ಸೋಮವಾರ ಶಾಲೆಯಲ್ಲಿ ಇದಕ್ಕೆ ಏನು ಕಾದಿದೆಯೋ, ಅದನ್ನು ಸೋಮವಾರ ನೋಡಿಕೊಂಡರಾಯಿತು.

ವಿಕ್ರೋಳಿ ಸ್ಟೇಷನ್ನಿಗೆ ಬಂದರು. ರೊಟ್ಟಿ ಕೊಟ್ಟರೆ ಯಕ್ಷಿತಾ ಮುಟ್ಟಲಿಲ್ಲ. ಲೋಕಲ್ ಬಂತು. ಹೆಂಗಸರ ಡಬ್ಬಿ ತುಂಬಿತ್ತು. ತಾಯಿಗೆ ಒಂದು ಮೂಲೆ ಸಿಕ್ಕಿತು. ಮಗಳು ಬೇಕೆಂದೇ ದೂರ, ಆಚೆ ಸಾಲಿನ ಹತ್ತಿರ ಬೆನ್ನು ತಿರುಗಿಸಿ ನಿಂತಳು.

ಘಾಟ್ಕೋಪರ್‌ನಲ್ಲಿ ಇನ್ನಷ್ಟು ಜನ ಹತ್ತಿದರು. ಗಾಡಿ ಜಗ್ಗಿತು. ಎಲ್ಲರೂ ವಾಲಿದರು. ಯಕ್ಷಿತಾ ಬೀಳುವಂತಾಗಿ, ನೋಡದೆಯೇ ಬಲಗೈ ಮೇಲೆತ್ತಿ ಹಿಡಿ ಹಿಡಿದುಕೊಂಡಳು. ಮುಖ ಚೂರು ಕಿವುಚಿತು. ಆದರೆ ಕೈ ಹೋಯಿತು, ಭುಜ ದಾಟಿ, ಕಿವಿ ದಾಟಿ, ಪೂರ್ತಿ ಮೇಲೆ. ಬೆರಳ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು.

ಕುರ್ಲಾ ಬರುವವರೆಗೂ ಅವಳು ಆ ಕೈಯಲ್ಲೇ ಹಿಡಿ ಹಿಡಿದು ನಿಂತಿದ್ದಳು, ಸಿಟ್ಟಿನಲ್ಲಿ. ಬಸಲಿಂಗವ್ವ ಎಲ್ಲೂ ಕಣ್ಣು ಹೊರಳಿಸದೆ ಅದನ್ನೇ ನೋಡುತ್ತ, ಬೀಜಗಳನ್ನು ಒಂದೊಂದಾಗಿ ಎಡಗೈಗೆ ದಾಟಿಸುತ್ತಿದ್ದಳು.